ಬೀಗಿತ್ತಿಯರ ಐರಿಸ್

ಮಾರ್ಚ್ 2, 1987

ಬೀಗಿತ್ತಿಯವರಿಗೆ ನಮಸ್ಕಾರ.

ಮದುವೆ ಮುಗಿದು ಎಲ್ಲರೂ ಅವರವರ ಊರು ಸೇರಿದ್ದಾಯಿತು. ಮಕ್ಕಳಿಬ್ಬರೂ ಹೊಸ ಮನೆಗೆ ಪರದೆ ಕಟ್ಟಿದ್ದಾರಂತೆ. ಮಗಳು ಬರೆದ ಕಾರ್ಡಿನಲ್ಲಿ ಪರದೆಯ ಬಣ್ಣ ಬಿಟ್ಟರೆ ಬೇರೇನೂ ಇಲ್ಲ. ಆದರೆ ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಊಟದ ಮೇಜುಗಳ ಮೇಲೆ ನೀವು ಇಡಿಸಿದ್ದ ಕುಂಡಗಳು ನೆನಪಿವೆಯಲ್ಲ? ಒಂದು ಗೇಣೂ ಇಲ್ಲದ ಗಿಡ, ಅದರ ತಲೆಯ ಮೇಲೆ ಮೈಗಿಂತ ದೊಡ್ಡ ನೇರಳೆ ಹೂವು, ಕೆಳಕ್ಕೆ ಬಾಗಿದ ಎಸಳಿನ ಮೇಲೆ ಹಳದಿ ಗೀಟು. ಕುಳ್ಳ ಐರಿಸ್ ಎಂದಿರಿ. ಅತಿಥಿಗಳು ಮನೆಗೆ ಒಯ್ಯಲಿ ಎಂದು ನಿಮ್ಮ ಆಸೆಯಿತ್ತು. ಕೆಲವರು ಒಯ್ದರು, ಕೆಲವರು ಮರೆತರು. ನಾನು ಕೋಟು ಹುಡುಕುತ್ತಿದ್ದಾಗ ಗುಡಿಸುವವನು ಉಳಿದವನ್ನು ಕಸದ ಚೀಲಕ್ಕೆ ಸುರಿಯಲು ಹೊರಟಿದ್ದ. "ಇರಪ್ಪ, ಇನ್ನೂ ಅರಳಿವೆ" ಎಂದೆ. "ನಾಳೆ ಬಾಡ್ತವೆ, ಇವತ್ತೇ ಎಸೆದ್ರೆ ಏನಾಯ್ತು?" ಎಂದ. ಆರು ಕುಂಡಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಪಕ್ಕದಲ್ಲಿ ಕೂತವರು ನನಗೆ ಎರಡು ಸೀಟು ಬಿಟ್ಟುಕೊಟ್ಟರು.

ಈಗ ಹೂವು ಬಾಡಿವೆ. ಎಲೆಗಳು ಮಾತ್ರ ಎದ್ದು ನಿಲ್ಲುತ್ತಿವೆ. ಕೆಳಗಿನ ಮನೆಯ ಗಡಿಯಾರ ರಿಪೇರಿಯವರು ನೋಡಿ, "ಈರುಳ್ಳಿಗೆ ಇಷ್ಟೊಂದು ಉಪಚಾರ ಯಾಕಮ್ಮ?" ಎಂದು ಕೇಳಿದರು. ಇದೇ ಗಿಡದಲ್ಲಿ ಮುಂದಿನ ವರ್ಷವೂ ಹೂವಾಗಬೇಕಾದರೆ ಏನು ಮಾಡಬೇಕು? ದಯವಿಟ್ಟು ತಿಳಿಸಿ.

ಮದುವೆಯ ಗದ್ದಲದಲ್ಲಿ ನಾವಿಬ್ಬರೂ ಸರಿಯಾಗಿ ನಾಲ್ಕು ಮಾತು ಆಡಲಿಲ್ಲ. ಇವರು ತೀರಿಕೊಂಡ ಮೇಲೆ ನನಗೆ ಕಾಗದ ಬರೆಯಬೇಕೆನ್ನಿಸುವಂಥವರು ಯಾರೂ ಇರಲಿಲ್ಲ. ನಂಟಸ್ತಿಕೆಯ ನೆಪದಲ್ಲಿ ಒಬ್ಬರು ಸಿಕ್ಕಿದ್ದೀರಿ. ನಾನು ಸುಲಭವಾಗಿ ಬಿಡುವವಳಲ್ಲ.

ಹುಡುಗಿಯ ತಾಯಿ


ಮಾರ್ಚ್ 11, 1987

ಬೀಗಿತ್ತಿಯವರಿಗೆ,

ಕುಂಡದ ಐರಿಸನ್ನು ಮತ್ತೆ ಅರಳಿಸುವುದು ಹೇಗೆ ಎಂದು ನನ್ನನ್ನು ಕೇಳಿದವರಲ್ಲಿ ನೀವೇ ಮೊದಲಿಗರು. ಚಳಿಗಾಲದಲ್ಲಿ ಹೂವಿನ ಅಂಗಡಿಗಳಿಗೆ ಕುಂಡ ಹಾಕಿ ಬದುಕುವವಳು ನಾನು. ಜನ ಕೊಳ್ಳುತ್ತಾರೆ, ನೋಡುತ್ತಾರೆ, ಎಸೆಯುತ್ತಾರೆ, ಮುಂದಿನ ಚಳಿಗೆ ಮತ್ತೆ ಕೊಳ್ಳುತ್ತಾರೆ. ಎಲ್ಲರೂ ನಿಮ್ಮ ಹಾಗಾದರೆ ನಾನು ಮನೆಯಲ್ಲಿ ಕೂರಬೇಕು. ಆದ್ದರಿಂದ ನನ್ನ ಪ್ರಾಮಾಣಿಕ ಸಲಹೆ, ಎಸೆಯಿರಿ.

ಎಸೆಯುವುದಿಲ್ಲವೆಂದರೆ ಕೇಳಿ. ಬಾಡಿದ ಹೂವನ್ನು ಚಿವುಟಿ, ಎಲೆಯನ್ನು ಮುಟ್ಟಬೇಡಿ. ಈ ಗಿಡಕ್ಕೆ ಹೂವು ಮೊದಲು, ಎಲೆಯ ಬೆಳವಣಿಗೆ ಆಮೇಲೆ. ಈಗ ಬೆಳೆಯುವ ಎಲೆ ಬಿಸಿಲು ಕುಡಿದು ಕೆಳಗಿನ ಗಡ್ಡೆಗೆ ಊಟ ಕಳಿಸಬೇಕು. ಮುಂದಿನ ಹೂವು ಆ ಊಟದಿಂದಲೇ. ಟೊಮೆಟೊ ಗಿಡಕ್ಕೆ ಹಾಕುವ ಗೊಬ್ಬರವನ್ನು ತುಂಬ ತೆಳ್ಳಗೆ ನೀರಿನಲ್ಲಿ ಕಲಸಿ ಆಗಾಗ ಕೊಡಿ. ಎಲೆ ತಾನಾಗಿ ಹಳದಿಯಾದ ಮೇಲೆ ನೀರು ನಿಲ್ಲಿಸಿ. ಬೇಸಗೆಯಲ್ಲಿ ಅದಕ್ಕೆ ಬೇಕಾದದ್ದು ಶಾಖ ಮತ್ತು ಒಣ ಮಣ್ಣು. ಒದ್ದೆಯಾದರೆ ಕೊಳೆಯುತ್ತದೆ. ಚಳಿ ಶುರುವಾಗುವಾಗ ಹೊರಗಿಟ್ಟು ಮತ್ತೆ ನೀರು ಕೊಡಿ. ಚಳಿ ತಾಗದಿದ್ದರೆ ಅದು ಏಳುವುದಿಲ್ಲ. ಈ ವರ್ಷ ಕುಂಡ ಕವುಚಬೇಡಿ.

ಇನ್ನೊಂದು ವಿಷಯವಿದೆ. ಈಗ ಹೇಳಿದರೆ ಕೈಬಿಡುತ್ತೀರಿ. ಸಮಯ ಬಂದಾಗ ಹೇಳುತ್ತೇನೆ.

ನಮ್ಮವರಿಗೆ ಮಂಡಿನೋವು. ನಿಮ್ಮ ಕಾಗದವನ್ನು ನನಗಿಂತ ಮೊದಲು ಒಡೆದು ಓದಿ, "ಇಬ್ಬರಿಗೂ ಬೇರೆ ಕೆಲಸ ಇಲ್ಲ" ಎಂದರು. ಅವರಿಗೂ ಇಲ್ಲ.

ಹುಡುಗನ ತಾಯಿ


ಏಪ್ರಿಲ್ 12, 1987

ತೋಟದ ಬೀಗಿತ್ತಿಯವರಿಗೆ,

ಎಲೆಗಳು ಮೊಣಕಾಲುದ್ದ ಬೆಳೆದಿವೆ. ಜೊಂಡಿನ ಹಾಗೆ ತೆಳ್ಳಗೆ, ಬೆರಳಲ್ಲಿ ಉರುಳಿಸಿದರೆ ನಾಲ್ಕು ಮೂಲೆ ಸಿಗುತ್ತವೆ. ಕಿಟಕಿಯ ಆಚೆಗೆಲ್ಲ ಕೆದರಿಕೊಂಡು ಬಿದ್ದಿದ್ದವು. ನಾನು ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆಕೋಣೆ ನೋಡಿಕೊಳ್ಳುವವಳು. ಕೆದರಿದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದೊಂದು ಕುಂಡದ ಎಲೆಗಳನ್ನೂ ಮೂರು ಮಡಿಕೆ ಮಾಡಿ, ನಡುವೆ ದಾರ ಸುತ್ತಿ, ಸಾಲಾಗಿ ಇಟ್ಟಿದ್ದೇನೆ. ನೋಡಲು ಅಚ್ಚುಕಟ್ಟಾಗಿವೆ. ಕತ್ತರಿಸಿಲ್ಲ, ಗಾಬರಿಯಾಗಬೇಡಿ.

ಮಗಳು ನಾಲ್ಕು ದಿನ ಬಂದಿದ್ದಳು. ಅಳಿಯಂದಿರಿಗೆ ರಜೆ ಸಿಗಲಿಲ್ಲವಂತೆ. ಅವಳು ಬಂದಾಗ ಹೆಚ್ಚು ನಿದ್ದೆ ಮಾಡಿದಳು. ಹೊಸ ಮನೆಯ ಕೆಲಸ ಇರುತ್ತದಲ್ಲ.

ಬಟ್ಟೆಕೋಣೆಯ ಬೀಗಿತ್ತಿ


ಏಪ್ರಿಲ್ 20, 1987

ಬಿಚ್ಚಿ. ಈ ಕಾಗದ ಓದಿ ಮುಗಿಸುವ ಮೊದಲು ಎದ್ದು ಹೋಗಿ ಬಿಚ್ಚಿ.

ಬಿಚ್ಚಿದಿರಾ? ಈಗ ಓದಿ. ಅದು ಟವೆಲಲ್ಲ. ಮಡಿಚಿದ ಎಲೆಗೆ ಬಿಸಿಲು ಎಲ್ಲಿಂದ ಬೀಳಬೇಕು? ಗಡ್ಡೆಯನ್ನು ಉಪವಾಸ ಕೆಡವಿದ್ದೀರಿ. ಕೆದರಿಕೊಂಡೇ ಇರಲಿ, ನೋಡಲಾಗದಿದ್ದರೆ ಕಣ್ಣು ಮುಚ್ಚಿಕೊಳ್ಳಿ. ಈ ತೋಟದಲ್ಲಿ ನಾನು ಎಷ್ಟೋ ತಪ್ಪು ಮಾಡಿದ್ದೇನೆ, ನೋಡಿದ್ದೇನೆ. ಐರಿಸಿಗೆ ಇಸ್ತ್ರಿ ಮಾಡಿದವರನ್ನು ಕಂಡದ್ದು ಇದೇ ಮೊದಲು. ನಮ್ಮವರು ನಕ್ಕು ನಕ್ಕು ಮಂಡಿ ಹಿಡಿದುಕೊಂಡರು.

ಮಗನೂ ಒಂದು ಭಾನುವಾರ ಬಂದಿದ್ದ. ಊಟ ಮಾಡಿದ, ಹೆಚ್ಚು ಮಾತಾಡಲಿಲ್ಲ. ಕೆಲಸದ ಆಯಾಸ.

ತೋಟದ ಬೀಗಿತ್ತಿ


ಅಕ್ಟೋಬರ್ 18, 1987

ತೋಟದ ಬೀಗಿತ್ತಿಯವರಿಗೆ,

ಬೇಸಗೆಯಿಡೀ ಕುಂಡಗಳಿಗೆ ನೀರು ತೋರಿಸಲಿಲ್ಲ. ಕಿಟಕಿಯ ಅಂಚಿಗೆ ಮಳೆ ಹೊಡೆಯುತ್ತದೆಂದು ಆರನ್ನೂ ಆಸ್ಪತ್ರೆಗೆ ಒಯ್ದೆ. ಬಟ್ಟೆಕೋಣೆಯ ಗೋಡೆಯ ಆಚೆ ಬಾಯ್ಲರ್ ಇದೆ. ಆ ಗೋಡೆಗೆ ತಾಗಿದ ಮೇಲಿನ ಹಲಗೆ ಯಾವಾಗಲೂ ಬೆಚ್ಚಗೆ, ಒಣಗಿ ಇರುತ್ತದೆ. ಅಲ್ಲಿ ಹೊದಿಕೆಗಳ ಪಕ್ಕದಲ್ಲಿ ಕೂತಿದ್ದವು. ವಾರ್ಡಿನ ಸಿಸ್ಟರ್ ಒಬ್ಬಳು ಕತ್ತೆತ್ತಿ ನೋಡಿ, "ಇವರನ್ನ ಯಾವಾಗ ಅಡ್ಮಿಟ್ ಮಾಡಿದ್ರಿ?" ಎಂದಳು. "ನಿದ್ದೆ ಮಾಡ್ತಿದಾರೆ, ಮೆತ್ತಗೆ ಮಾತಾಡು" ಎಂದೆ.

ಈಗ ಚಳಿ ಬಂತೆಂದು ಮನೆಗೆ ತಂದು ಹೊರಗಿನ ಅಂಚಿನಲ್ಲಿಟ್ಟು ನೀರು ಕೊಟ್ಟಿದ್ದೇನೆ. ಹಿಂದಿನ ಕೋಣೆಯ ಕಿಟಕಿ ಇದಕ್ಕಿಂತಲೂ ತಣ್ಣಗಿದೆ, ಆದರೆ ಆ ಕೋಣೆಯಲ್ಲಿ ಈಗ ಸಾಮಾನು ತುಂಬಿದೆ.

ನೀವು ಆಮೇಲೆ ಹೇಳುತ್ತೇನೆ ಎಂದ ವಿಷಯ ಇನ್ನೂ ಹೇಳಿಲ್ಲ.

ಬಟ್ಟೆಕೋಣೆಯ ಬೀಗಿತ್ತಿ


ಫೆಬ್ರವರಿ 21, 1988

ತೋಟದ ಬೀಗಿತ್ತಿಯವರಿಗೆ,

ಎರಡು ಕಾಗದಕ್ಕೆ ನಿಮ್ಮಿಂದ ಉತ್ತರವಿಲ್ಲ. ಅಂಗಡಿಗಳಿಗೆ ಕುಂಡ ಹಾಕುವ ಕಾಲ, ಬಿಡುವಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಹೂವಿಲ್ಲ. ಒಂದು ಕುಂಡದಲ್ಲೂ ಇಲ್ಲ. ಹೋದ ವರ್ಷ ಒಂದೊಂದು ಗಡ್ಡೆಗೆ ಎರಡು ದಪ್ಪ ಎಲೆ ಬಂದಿದ್ದ ಕಡೆ ಈಗ ಹುಲ್ಲಿನಂಥ ಎಳೆಗಳು, ಕೂದಲಷ್ಟು ತೆಳ್ಳಗೆ, ಗುಂಪು ಗುಂಪಾಗಿ. ಎಲೆ ಮಡಿಚಿದ್ದರಿಂದ ಹೀಗಾಯಿತೇ? ನಾನೇ ಕೆಡಿಸಿದೆನೇ?

ಬಟ್ಟೆಕೋಣೆಯ ಬೀಗಿತ್ತಿ


ಮಾರ್ಚ್ 6, 1988

ಹುಡುಗಿಯ ತಾಯಿಯವರಿಗೆ,

ನಿನ್ನೆ ವಕೀಲರ ಕಾಗದವನ್ನು ಮಗ ತಂದು ಮೇಜಿನ ಮೇಲೆ ಇಟ್ಟ. ನಿಮ್ಮ ಮಗಳು ಸೆಪ್ಟೆಂಬರಿನಿಂದ ನಿಮ್ಮ ಮನೆಯಲ್ಲೇ ಇದ್ದಾಳೆಂದು ಅದರಲ್ಲಿದೆ.

ಅಕ್ಟೋಬರಿನಲ್ಲಿ ನೀವು ನನಗೆ ಬಾಯ್ಲರಿನ ವಿಷಯ ಬರೆದಿರಿ, ಹಲಗೆಯ ವಿಷಯ ಬರೆದಿರಿ. ಹಿಂದಿನ ಕೋಣೆಯಲ್ಲಿ ಸಾಮಾನು ತುಂಬಿದೆ ಎಂದು ಬರೆದಿರಿ. ಆ ಸಾಮಾನು ನನ್ನ ಸೊಸೆ.

ನಾನು ಏನನ್ನೂ ಹಾಳು ಮಾಡುತ್ತಿರಲಿಲ್ಲ. ಮೊದಲೇ ತಿಳಿದಿದ್ದರೆ ಬಂದು ಇಬ್ಬರನ್ನೂ ಎದುರು ಕೂರಿಸಿ ಕೇಳುತ್ತಿದ್ದೆ. ಈಗ ಕೇಳಲು ಏನೂ ಉಳಿದಿಲ್ಲ. ನಿಮಗೆ ಒಬ್ಬರು ಸಿಕ್ಕಿದ್ದರು ಎಂದಿರಿ. ಸಿಕ್ಕಿದವರ ಜೊತೆ ಹೀಗೆ ನಡೆದುಕೊಳ್ಳುತ್ತಾರೆಯೇ?

ಹುಡುಗನ ತಾಯಿ


ಮಾರ್ಚ್ 14, 1988

ಹುಡುಗನ ತಾಯಿಯವರಿಗೆ,

ಮಗಳು ಬಂದ ರಾತ್ರಿ ಹೇಳಿದ್ದು ಒಂದೇ ಮಾತು: "ಅಮ್ಮಾ, ಅವರ ಮನೆಗೆ ನಾನಾಗಿ ಹೇಳೋವರೆಗೂ ನೀನು ಇದನ್ನ ಬರೀಬೇಡ." ನಾನು ಅವಳ ತಾಯಿ. ಒಪ್ಪಿಕೊಂಡೆ.

ಕಾರಣ ನನಗೂ ಗೊತ್ತಿಲ್ಲ. ಕೇಳಿದೆ. "ಜಗಳ ಇಲ್ಲಮ್ಮ, ಬೈಗುಳ ಇಲ್ಲ. ಇಬ್ರೂ ಕೂತ್ರೆ ಮಾತೇ ಹುಟ್ಟಲ್ಲ" ಎಂದಳು. ಅಷ್ಟಕ್ಕೆ ಬಿಟ್ಟುಬರುವುದೇ ಎಂದು ಬೈದೆ. ಆಮೇಲೆ ಬೈದದ್ದಕ್ಕೆ ಬೇಸರಪಟ್ಟೆ.

ನಿಮ್ಮ ಮಗ ಹೋದ ಏಪ್ರಿಲಿನಲ್ಲೇ ಊಟಕ್ಕೆ ಕೂತು ಮಾತಾಡಲಿಲ್ಲ. ಅಕ್ಟೋಬರಿನಿಂದ ಬಾಡಿಗೆ ಕೋಣೆಯಲ್ಲಿದ್ದಾನೆ. ಹೆತ್ತವರಿಗೆ ವಿಳಾಸ ಬದಲಾದದ್ದು ತಿಳಿಯದೇ ಇರುತ್ತದೆಯೇ? ನನ್ನ ಕಾಗದಗಳಿಗೆ ನೀವು ಉತ್ತರ ನಿಲ್ಲಿಸಿದ್ದೂ ಆಗಲೇ. ಕೆಲಸದ ಆಯಾಸ ಎಂದು ಬರೆದವರು ನೀವು.

ಹುಡುಗಿಯ ತಾಯಿ


ಜುಲೈ 9, 1988

ನಮ್ಮ ಲಾಂಡ್ರಿಯಲ್ಲಿ ಒಂದು ಪದ್ಧತಿ ಇದೆ. ಯಾವ ವಾರ್ಡಿನಿಂದ ಬಂದ ಬಟ್ಟೆಯೋ ಆ ವಾರ್ಡಿಗೇ ಹಿಂದಕ್ಕೆ ಹೋಗಬೇಕು. ತೊಳೆಯುವಾಗ ಹರಿದು ಚಿಂದಿಯಾದರೂ ನಾವು ಎಸೆಯುವಂತಿಲ್ಲ. ಚಿಂದಿಯನ್ನೇ ಮಡಿಸಿ ಕಳಿಸುತ್ತೇವೆ. ಎಸೆಯುವುದು ಅವರಿಗೆ ಸೇರಿದ್ದು.

ಎಲೆಗಳೆಲ್ಲ ಒಣಗಿ ಬಿದ್ದ ಮೇಲೆ ಕುಂಡಗಳನ್ನು ಕವುಚಿ ನೋಡಿದೆ. ಬಲೆಯ ಹಾಗೆ ನೂಲು ನೂಲಾದ ಖಾಲಿ ಸಿಪ್ಪೆಗಳು. ಒಳಗೆ ಗಡ್ಡೆ ಇಲ್ಲ. ಸುತ್ತ ಒಂದಿಷ್ಟು ನುಚ್ಚು. ಎಲ್ಲವನ್ನೂ ನುಚ್ಚು ಸಮೇತ ಒಂದು ದಿಂಬಿನ ಚೀಲಕ್ಕೆ ಹಾಕಿ, ಹೊಲಿದು, ಪಾರ್ಸೆಲ್ ಮಾಡಿದ್ದೇನೆ. ಗಿಡ ನಿಮ್ಮದು. ಸತ್ತದ್ದೂ ನಿಮ್ಮದೇ.

ಉತ್ತರ ಬೇಡ.


ಆಗಸ್ಟ್ 2, 1988

ಪಾರ್ಸೆಲ್ ಬಂತು. ಉತ್ತರ ಬೇಡ ಎಂದಿದ್ದೀರಿ. ಇದು ಉತ್ತರವಲ್ಲ, ಗಡ್ಡೆಗಳ ವಿಷಯ.

ನೀವು ನುಚ್ಚು ಎಂದದ್ದು ನುಚ್ಚಲ್ಲ. ಅವೇ ಗಡ್ಡೆಗಳು. ಈ ಜಾತಿಯ ಐರಿಸ್ ಹೂವು ಬಿಟ್ಟ ಮೇಲೆ ಎಷ್ಟೋ ಸಲ ದೊಡ್ಡ ಗಡ್ಡೆ ಉಳಿಯುವುದಿಲ್ಲ. ಅದು ಒಡೆದು ಅಕ್ಕಿಕಾಳಿನಷ್ಟು ಮರಿಗಳಾಗುತ್ತದೆ. ಮೇಲಿನ ಬಲೆಯಂಥ ಸಿಪ್ಪೆ ಮಾತ್ರ ಹಾಗೇ ಇರುತ್ತದೆ. ಮರಿಗಳು ಹುಲ್ಲಿನಂಥ ಎಲೆ ಕೊಡುತ್ತವೆ, ಹೂವು ಕೊಡುವುದಿಲ್ಲ. ಹೂ ಬಿಡುವಷ್ಟು ದಪ್ಪವಾಗಲು ಎರಡು ವರ್ಷವೋ ಮೂರು ವರ್ಷವೋ ಬೇಕು. ಆಮೇಲೆ ಹೇಳುತ್ತೇನೆ ಎಂದದ್ದು ಇದನ್ನೇ. ಹೇಳದೇ ಇದ್ದದ್ದರಿಂದ ನೀವು ಬದುಕಿದ್ದನ್ನು ಹಿಂದಕ್ಕೆ ಕಳಿಸಿದಿರಿ. ಬೇರೆ ಯಾರಾದರೂ ಆಗಿದ್ದರೆ ಕಸಕ್ಕೆ ಹಾಕಿರುತ್ತಿದ್ದರು.

ಅರ್ಧ ನಾನು ಇಟ್ಟುಕೊಂಡು ಅರ್ಧ ಕಳಿಸಿದ್ದೇನೆ. ಮರಳು ಬೆರೆಸಿದ ಮಣ್ಣಿನಲ್ಲಿ, ದೊಡ್ಡ ಕುಂಡದಲ್ಲಿ, ನಾಲ್ಕು ಬೆರಳು ಆಳಕ್ಕೆ ಹೂಳಿ. ಆಳ ಕಡಿಮೆಯಾದರೆ ಮತ್ತೆ ಒಡೆಯುತ್ತವೆ. ಹೋದ ಸಲದ ಹಾಗೇ ಗೊಬ್ಬರ, ಹಾಗೇ ಒಣ ಬೇಸಗೆ.

ಬೇರೇನೂ ಬರೆಯುವುದಿಲ್ಲ.

(ಹಿಂಬದಿಯಲ್ಲಿ, ಬೇರೆ ಅಕ್ಷರದಲ್ಲಿ)
ಅಮ್ಮಾ, ನಮಸ್ಕಾರ. ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಇವಳು ಊಟದ ಮೇಜಿನ ಮೇಲೆ ಎಲ್ಲ ಹರಡಿ, ಎರಡು ಕನ್ನಡಕ ಹಾಕಿಕೊಂಡು, ದಪ್ಪದ್ದೆಲ್ಲ ಆರಿಸಿ ನಿಮ್ಮ ಪಾಲಿಗೆ ಹಾಕಿದ್ದಾಳೆ. ನಾನು ಅಷ್ಟು ದಿನವೂ ಕಿಟಕಿಯ ಕಟ್ಟೆಯ ಮೇಲೆ ಉಂಡೆ.


ಸೆಪ್ಟೆಂಬರ್ 25, 1988

ಇದು ನಿಮ್ಮ ಯಜಮಾನರಿಗೆ ಬರೆದ ಕಾಗದ. ನೀವು ಓದಿದರೆ ನನ್ನ ಅಭ್ಯಂತರವಿಲ್ಲ.

ಯಜಮಾನರೇ, ಗಡ್ಡೆಗಳು ಬಂದವು. ಒಂದೊಂದನ್ನೂ ನಾಲ್ಕು ಬೆರಳು ಆಳಕ್ಕೆ ಹೂಳಿದ್ದೇನೆ. ಯಾರ ನಾಲ್ಕು ಬೆರಳು ಎಂದು ಅವರು ಬರೆದಿರಲಿಲ್ಲ. ನನ್ನ ಬೆರಳು ಸಣ್ಣ, ಅದಕ್ಕೆ ಐದು ಇಟ್ಟೆ. ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳಿ. ಊಟವನ್ನು ಮೇಜಿನ ಮೇಲೆಯೇ ಮಾಡಿ.

ಬಟ್ಟೆಕೋಣೆಯಿಂದ


ಫೆಬ್ರವರಿ 12, 1989

ಸಂಬೋಧನೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಏನು ಹಾಕಬೇಕೆಂದು ತಿಳಿಯಲಿಲ್ಲ.

ಕೋರ್ಟಿನ ತೀರ್ಪು ಬಂದದ್ದು ನಿಮಗೂ ಗೊತ್ತಿರುತ್ತದೆ. ಮಗ ಅದನ್ನು ಓದಿ ಮಡಿಚಿಟ್ಟು, ತೋಟಕ್ಕೆ ಬಂದು, ಕೇಳದೆಯೇ ಕುಂಡಗಳನ್ನು ಗಾಡಿಗೆ ಏರಿಸಿಕೊಟ್ಟ. "ಅಮ್ಮಾ, ಅವಳ ಮೇಲೆ ನಂಗೇನೂ ಕೋಪ ಇಲ್ಲ" ಎಂದ. ನನಗೂ ಹುಡುಗಿಯ ಮೇಲೆ ಇಲ್ಲ. ನಿಮ್ಮ ಮೇಲಿತ್ತು. ಹೆಚ್ಚು ದಿನ ಹಿಡಿದುಕೊಳ್ಳಲು ಆಗಲಿಲ್ಲ, ನಮ್ಮವರು ಊಟಕ್ಕೆ ಕೂತಾಗಲೆಲ್ಲ ನಿಮ್ಮ ಐದು ಬೆರಳಿನ ಮಾತು ತೆಗೆಯುತ್ತಾರೆ.

ಆ ವರ್ಷ ಅಕ್ಟೋಬರಿನಲ್ಲಿ, ಮಗ ಬೇರೆ ಕೋಣೆ ಹಿಡಿದಾಗಲೇ, ನನಗೆ ಅರ್ಧ ಗೊತ್ತಿತ್ತು. ನಿಮಗೆ ತಿಳಿದಿಲ್ಲ, ನನ್ನಿಂದ ತಿಳಿಯುವುದು ಬೇಡ ಎಂದು ಸುಮ್ಮನಿದ್ದೆ. ನೀವೂ ಹಾಗೇ ಸುಮ್ಮನಿದ್ದಿರಿ.

ಇನ್ನೊಂದು ಮಾತು. ಕುಂಡದ ಐರಿಸನ್ನು ನಾನು ಎಂದೂ ಎರಡನೇ ಸಲ ಅರಳಿಸಿದವಳಲ್ಲ. ನನಗೆ ಗೊತ್ತಿರುವುದೆಲ್ಲ ಬೇರೆಯವರಿಂದ ಕೇಳಿದ್ದು, ತಿಪ್ಪೆಯಲ್ಲಿ ಕಂಡದ್ದು. ಪ್ರತಿ ಶರತ್ಕಾಲದಲ್ಲೂ ಹೊಸ ಗಡ್ಡೆ ಕೊಂಡು, ಪ್ರತಿ ವಸಂತದಲ್ಲೂ ಹಳೆಯದನ್ನು ಸುರಿಯುತ್ತ ಬಂದವಳು. ನಿಮ್ಮದು ಅರಳುತ್ತದೋ ಇಲ್ಲವೋ ಎನ್ನುವುದು ನಿಮ್ಮಷ್ಟೇ ನನಗೂ ಗೊತ್ತಿಲ್ಲ.

ತೋಟದಿಂದ


ಮಾರ್ಚ್ 5, 1989

ಅಕ್ಕಾ,

ವಯಸ್ಸಿನಲ್ಲಿ ನೀವು ನನಗಿಂತ ದೊಡ್ಡವರು. ಹೀಗೆ ಕರೆದರೆ ಆಗಬಹುದೇ?

ಮೊನ್ನೆ ಮಗಳು ನಿಮ್ಮ ವಿಳಾಸ ಬರೆದ ಲಕೋಟೆ ನೋಡಿದಳು. "ಅವರಿಗ್ಯಾಕಮ್ಮ ಇನ್ನೂ ಬರೀತೀಯ? ನಂಗೆ ಮುಜುಗರ ಆಗುತ್ತೆ" ಎಂದಳು. "ನಿನ್ನ ವಿಷಯ ಬರೆಯಲ್ಲ ಕಣೇ, ಗಡ್ಡೆ ವಿಷಯ" ಎಂದೆ. "ಅಷ್ಟುದ್ದ ಗಡ್ಡೆ ವಿಷಯಾನಾ?" ಎಂದಳು. ಲಕೋಟೆಗೆ ಅಂಟು ಹಚ್ಚಿದೆ. ಅವಳಿಗೆ ಮುಗಿದದ್ದು ನನಗೂ ಮುಗಿಯಬೇಕೆಂದು ಅವಳು ಎಣಿಸುವುದು ತಪ್ಪಲ್ಲ. ಆದರೆ ಕೆಲಸದಿಂದ ಬಂದು ಮೆಟ್ಟಿಲು ಹತ್ತುವಾಗ ನಾನು ಮೊದಲು ನೋಡುವುದು ಅಂಚೆಪೆಟ್ಟಿಗೆಯನ್ನು. ಇದನ್ನು ಅವಳಿಗೆ ಹೇಳಲಿಲ್ಲ.

ಹುಲ್ಲು ಎದ್ದಿದೆ. ಈ ವರ್ಷ ದಾರ ಮುಟ್ಟಿಲ್ಲ.

ಬಟ್ಟೆಕೋಣೆಯಿಂದ


ಮಾರ್ಚ್ 19, 1989

ಅಕ್ಕ ಬೇಡ. ನನಗೆ ಒಬ್ಬಳು ತಂಗಿ ಇದ್ದಾಳೆ, ಮೂವತ್ತು ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ಇನ್ನೊಬ್ಬಳನ್ನು ಸಾಕಲು ತ್ರಾಣವಿಲ್ಲ.

ತೀರ್ಪಿನ ಕಾಗದವನ್ನು ಮಗನಿಂದ ಕೇಳಿ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವರಿಬ್ಬರನ್ನು ಬೇರೆ ಮಾಡಿದ್ದಾರೆ. ನಿಮ್ಮ ಹೆಸರು, ನನ್ನ ಹೆಸರು ಎಲ್ಲೂ ಇಲ್ಲ. ಹಾಗಾಗಿ ನಾನು ಹಳೆಯದನ್ನೇ ಬರೆಯುತ್ತೇನೆ. ಯಾರಾದರೂ ಆಕ್ಷೇಪಿಸಿದರೆ ಕೋರ್ಟಿಗೆ ಹೋಗಲಿ.

ಎಲೆ ಹಳದಿಯಾಗುವವರೆಗೂ ಗೊಬ್ಬರ ನಿಲ್ಲಿಸಬೇಡಿ, ಬೀಗಿತ್ತಿ.

ತೋಟದ ಬೀಗಿತ್ತಿ


ಮಾರ್ಚ್ 25, 1990

ತೋಟದ ಬೀಗಿತ್ತಿಗೆ,

ಈ ಸಲವೂ ಹೂವಿಲ್ಲ. ಆದರೆ ಎಲೆ ಹುಲ್ಲಿನಂತಿಲ್ಲ. ಎರಡೆರಡಾಗಿ, ದಪ್ಪಗೆ, ಮೂಲೆ ಸಿಗುವಷ್ಟು ಗಟ್ಟಿಯಾಗಿವೆ. ಒಂದನ್ನು ಮೆಲ್ಲಗೆ ಕೆದಕಿ ನೋಡಿದೆ, ಕಡಲೆಕಾಯಿ ಬೀಜದಷ್ಟಾಗಿದೆ, ಹೊಸ ಬಲೆಸಿಪ್ಪೆ ಕಟ್ಟಿಕೊಂಡಿದೆ. ತಪ್ಪು ಮಾಡಿದವಳ ಹಾಗೆ ತಕ್ಷಣ ಮುಚ್ಚಿದೆ. ಬೇಸಗೆಗೆ ಮತ್ತೆ ಆಸ್ಪತ್ರೆಗೆ ಸೇರಿಸುತ್ತೇನೆ. ಗಡಿಯಾರದವರು ಮಾತ್ರ ಈರುಳ್ಳಿ ಯಾವಾಗ ಕೀಳುತ್ತೀರಿ ಎಂದು ಕೇಳುವುದನ್ನು ಬಿಟ್ಟಿಲ್ಲ.

ನಿಮ್ಮ ಪಾಲಿನವು ಹೇಗಿವೆ? ಎರಡು ಕಾಗದದಲ್ಲಿ ಕೇಳಿದೆ.

ಬಟ್ಟೆಕೋಣೆಯ ಬೀಗಿತ್ತಿ


ಏಪ್ರಿಲ್ 8, 1990

ಬಟ್ಟೆಕೋಣೆಯ ಬೀಗಿತ್ತಿಗೆ,

ಕೆದಕಬೇಡಿ ಎಂದರೆ ಕೇಳುವುದಿಲ್ಲ. ಕಡಲೆಬೀಜದಷ್ಟಾಗಿದ್ದರೆ ಇನ್ನೊಂದು ವರ್ಷ ಸಾಕಾದೀತು. ನನ್ನವು ಸುಮಾರು ನಿಮ್ಮವುಗಳ ಹಾಗೇ ಇವೆ.

ತೋಟದ ಬೀಗಿತ್ತಿ

(ಹಿಂಬದಿಯಲ್ಲಿ, ಯಜಮಾನರ ಅಕ್ಷರದಲ್ಲಿ)
ಸುಳ್ಳು. ಹೋದ ಬೇಸಗೆ ಮಳೆ ಬಿಡದೆ ಹೊಡೆದು ನೆಲದಲ್ಲಿದ್ದವೆಲ್ಲ ಕೊಳೆತವು. ಒಂದೂ ಉಳಿದಿಲ್ಲ. ಅಂಗಡಿಗೆ ಕುಂಡ ಹಾಕುವವಳಿಗೆ ನಾಚಿಕೆ. ನಾನು ಹೇಳಿದೆ ಎಂದು ಹೇಳಬೇಡಿ.


ಫೆಬ್ರವರಿ 17, 1991

ತೋಟದ ಬೀಗಿತ್ತಿಗೆ,

ಮೊದಲು ಹೇಳಬೇಕಾದದ್ದನ್ನು ಮೊದಲು ಹೇಳುತ್ತೇನೆ. ಮಗಳು ಮತ್ತೆ ಮದುವೆಯಾಗುತ್ತಿದ್ದಾಳೆ. ಹುಡುಗ ಶಾಲೆಯಲ್ಲಿ ಮೇಷ್ಟ್ರು, ಬಾಯಿ ಬಿಟ್ಟರೆ ನಿಲ್ಲಿಸುವುದಿಲ್ಲ. ನಿನ್ನೆ ಸಂಜೆ ಕರೆತಂದಿದ್ದಳು. ಅವನು ಹೊರಟ ಮೇಲೆ ನಾನು ಅವಳಿಗೆ ಹೇಳಿದೆ: "ನಾಳೆ ನಾನು ಅವರಿಗೆ ಬರೀತೀನಿ. ಈ ಸಲ ಬೇಡ ಅನ್ನಬೇಡ." "ಬರಿ ಅಮ್ಮಾ" ಎಂದಳು. ನಮ್ಮ ಅಣ್ಣನಿಗೂ ಇನ್ನೂ ತಿಳಿಸಿಲ್ಲ. ನಿಮಗೇ ಮೊದಲು.

ನಿಮಗೆ ನೋವಾಗುತ್ತದೆ. ಆಗಬಾರದು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಉತ್ತರಿಸಲು ಮನಸ್ಸಾಗದಿದ್ದರೆ ನಾನು ಕಾಯುತ್ತೇನೆ, ಆದರೆ ಈ ಸಲ ಏನನ್ನೂ ಹಿಂದಕ್ಕೆ ಕಳಿಸುವುದಿಲ್ಲ.

ಎರಡನೆಯದು. ಅರಳಿದೆ. ಎರಡು ಹೂವು, ಬೇರೆ ಬೇರೆ ಕುಂಡದಲ್ಲಿ. ಬೆಳಗ್ಗೆ ಕಿಟಕಿ ತೆಗೆದಾಗ ಅಂಚಿನ ಮೇಲೆ ಹಿಮದ ಪುಡಿಯಿತ್ತು, ಅದರ ನಡುವೆ ನಿಂತಿದ್ದವು. ಮೊದಲ ವರ್ಷದ್ದಕ್ಕಿಂತ ಸ್ವಲ್ಪ ಸಣ್ಣ, ಬಣ್ಣ ಅದೇ. ಮೂಗು ಹತ್ತಿರ ತಂದರೆ ವಾಸನೆಯೂ ಇದೆ. ಅದು ನನಗೆ ಮೊದಲು ಗೊತ್ತೇ ಇರಲಿಲ್ಲ. ಇನ್ನೂ ಮೂರು ಮೊಗ್ಗು ಮೂತಿ ತೋರಿಸುತ್ತಿವೆ. ಗಡಿಯಾರದವರನ್ನು ಮೇಲಕ್ಕೆ ಕರೆದು ತೋರಿಸಿದೆ. ಟೋಪಿ ತೆಗೆದು, "ಅಮ್ಮಾ, ಈರುಳ್ಳಿ ಅಂದಿದ್ದು ಹಿಂದಕ್ಕೆ ತಗೊಂಡೆ" ಎಂದರು.

ಬಟ್ಟೆಕೋಣೆಯ ಬೀಗಿತ್ತಿ


ಫೆಬ್ರವರಿ 23, 1991

ಬಟ್ಟೆಕೋಣೆಯ ಬೀಗಿತ್ತಿಗೆ,

ನಿಮ್ಮ ಕಾಗದವನ್ನು ನಮ್ಮವರು ಒಡೆದು ಓದಿ, ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಆಗಲೇ ತಿಳಿಯಿತು, ಹೂವಿನ ವಿಷಯ ಮಾತ್ರ ಅಲ್ಲ ಎಂದು.

ನೋವಾಯಿತು. ಮಗನಿಗೆ ನಾನೇ ಹೇಳಿದೆ. "ಒಳ್ಳೇದಾಯ್ತು" ಎಂದ. ಆಮೇಲೆ ಒಂದೇ ಲೋಟವನ್ನು ತುಂಬ ಹೊತ್ತು ತೊಳೆದ. ಅವನು ಹೋದ ಮೇಲೆ ಆ ಲೋಟವನ್ನು ನಾನೂ ಇನ್ನೊಮ್ಮೆ ತೊಳೆದೆ.

ನಿಮಗೆ ಇನ್ನೊಬ್ಬ ಬೀಗಿತ್ತಿ ಸಿಗುತ್ತಾರಲ್ಲ. ಹೇಗಿದ್ದಾರೆ? ಗಡ್ಡೆಯನ್ನು ಎಷ್ಟು ಆಳಕ್ಕೆ ಹೂಳಬೇಕೆಂದು ಅವರಿಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಹೇಳಿಕೊಡಬೇಡಿ.

ನನ್ನವು ಕೊಳೆತು ಹೋದದ್ದು ನಿಮಗೆ ಯಾರು ಹೇಳಿದರೆಂದು ನನಗೆ ಗೊತ್ತು. ಒಂದು ವರ್ಷದಿಂದ ನನ್ನ ಗಡ್ಡೆಗಳ ಸುದ್ದಿಯನ್ನೇ ನೀವು ಕೇಳಿಲ್ಲ. ಕೇಳದೇ ಇರುವವರು ನೀವಲ್ಲ. ಮಳೆಗೆ ಬಿಟ್ಟೆ. ಬಾಯ್ಲರ್ ಗೋಡೆಯ ಬುದ್ಧಿ ನನಗೆ ಹೊಳೆಯಲಿಲ್ಲ.

ಮದುವೆಗೆ ನನ್ನನ್ನು ಕರೆಯಬೇಡಿ. ಕರೆದರೆ ಬಂದುಬಿಡುತ್ತೇನೆ, ಬಂದರೆ ಹುಡುಗಿಗೆ ನಗಲು ಕಷ್ಟವಾಗುತ್ತದೆ. ಮದುವೆಗೆ ಬರುವುದಿಲ್ಲ, ಹೂವಿಗೆ ಬರುತ್ತೇನೆ. ಮದುವೆಯ ದಿನ ನೀವು ಯಾವಾಗ ಬೇಕಾದರೂ ಇಟ್ಟುಕೊಳ್ಳಿ, ಹೂವು ಕಾಯುವುದಿಲ್ಲ. ಕುಂಡಗಳನ್ನು ಒಳಗೆ ಬೆಚ್ಚಗಿಡಬೇಡಿ, ಚಳಿಯಲ್ಲಿದ್ದರೆ ಹೆಚ್ಚು ದಿನ ನಿಲ್ಲುತ್ತವೆ. ಮಾರ್ಚ್ ಎರಡರ ಶನಿವಾರ ಮಧ್ಯಾಹ್ನದ ರೈಲಿನಲ್ಲಿ ಬಂದಿಳಿಯುತ್ತೇನೆ. ಮನೆಯಲ್ಲಿ ಮಗಳಿಗೆ ಬೇಡವೆನಿಸಿದರೆ ಒಂದು ಕಾರ್ಡು ಹಾಕಿ, ನಾನು ತಪ್ಪು ತಿಳಿಯುವುದಿಲ್ಲ.

ಒಂದು ತೊಂದರೆ ಇದೆ. ಹೇಳಲು ನಾಚಿಕೆ. ನಾಲ್ಕು ವರ್ಷದಿಂದ ನಿಮಗೆ ಬರೆಯುತ್ತಿದ್ದೇನೆ, ನಿಮ್ಮ ಮುಖ ನೆನಪಾಗುತ್ತಿಲ್ಲ. ಆ ದಿನ ನಾನು ನೋಡುತ್ತಿದ್ದದ್ದು ಮೇಜುಗಳನ್ನು. ನಾನು ಕುಳ್ಳಿ, ದಪ್ಪ, ಬೂದು ಕೋಟು ಹಾಕಿರುತ್ತೇನೆ. ನಿಲ್ದಾಣದ ತುಂಬ ಅಂಥವರೇ ಇರುತ್ತಾರೆ. ನಿಮ್ಮನ್ನು ಗುರುತು ಹಿಡಿಯುವುದು ಹೇಗೆ?

ತೋಟದ ಬೀಗಿತ್ತಿ


ಫೆಬ್ರವರಿ 26, 1991

ಬನ್ನಿ. ಮಗಳು ಹೇಳಿದಳು: "ಬರ್ಲಿ ಬಿಡಮ್ಮ. ಅವರು ನಂಗೇನು ಕೆಟ್ಟದ್ದು ಮಾಡಿದಾರೆ?" ಆಮೇಲೆ ಹಿಂದಿನ ಕೋಣೆಗೆ ಹೋಗಿ, ನಿಮಗೆಂದು ಹಾಸಿಗೆ ಹಾಸಿದಳು. ಮೂಲೆಗಳನ್ನು ನಾನು ಇನ್ನೊಮ್ಮೆ ಸರಿ ಮಾಡಬೇಕಾಯಿತು.

ಮೂರನೆಯದೂ ಅರಳಿದೆ. ಕಿಟಕಿ ತೆರೆದೇ ಇಟ್ಟಿದ್ದೇನೆ. ಮನೆಯೊಳಗೆ ಇಬ್ಬರೂ ಕೋಟು ಹಾಕಿಕೊಂಡು ಓಡಾಡುತ್ತಿದ್ದೇವೆ.

ಹೊಸ ಬೀಗಿತ್ತಿ ಒಳ್ಳೆಯವರು. ಗಡ್ಡೆಯ ಆಳ ಕೇಳಿಲ್ಲ, ನಾನೂ ಹೇಳಿಲ್ಲ.

ನಾಚಿಕೆ ಬೇಡ, ನನಗೂ ನಿಮ್ಮ ಮುಖ ನೆನಪಿಲ್ಲ. ನಾನು ಎತ್ತರ, ಒಣಕಲು, ಸ್ವಲ್ಪ ಗೂನು. ಬಲಗೈಯ ಹೆಬ್ಬೆರಳ ಬುಡದಲ್ಲಿ ಇಸ್ತ್ರಿ ಸುಟ್ಟ ಕಲೆ ಇದೆ, ಕೈಗವಸು ಹಾಕಿದರೆ ಕಾಣುವುದಿಲ್ಲ. ಶನಿವಾರ ಜನ ಹೆಚ್ಚು, ಇಷ್ಟರಿಂದಲೇ ಗುರುತು ಸಿಗುವುದು ಕಷ್ಟ. ನೀವು ಇಳಿದ ಕಡೆಯೇ ನಿಂತುಕೊಂಡು, ನಾಚಿಕೊಳ್ಳದೆ, ಜೋರಾಗಿ ಬೀಗಿತ್ತಿ ಎಂದು ಕೂಗಿ. ತಿರುಗಿ ನೋಡುವವಳು ನಾನು.